ಮುಚ್ಚಳದ ಹಿಂದಿನ ಅಕ್ಷರ

ಬಣ್ಣದ ಕಾರ್ಖಾನೆ, ಮೇಲಿನ ರೂಮು
ಬುಧವಾರ, ಹನ್ನೊಂದನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ಅತ್ತೆ ಮನೆ ಮೆಟ್ಟಿಲು ಕಡಿದಾಗಿದೆ, ಹುಷಾರಾಗಿ ಇಳಿ. ಕೆಮ್ಮಿನ ಔಷಧಿ ಕುಡೀತಿದೀಯೋ, ಇಲ್ಲ ಅತ್ತೆ ಕಣ್ಣು ತಪ್ಪಿಸಿ ಸಿಂಕಿಗೆ ಸುರೀತಿದೀಯೋ? ನಿನ್ನ ಬುದ್ಧಿ ನಂಗೊತ್ತಿಲ್ವಾ!

ನೀನು ಕೆಲಸ ಬಿಟ್ಟು ಹೊರಟುಹೋಗಿ ಮೂರು ವಾರ ಆಯ್ತು. ಅವತ್ತು ಮೀಟಿಂಗಿನಲ್ಲಿ ನಿನ್ನ ಮೊಳೆ ಹಲಗೆ ತೋರಿಸಿ, "ಇದು ಲೆಕ್ಕ ಅಲ್ಲ, ಬರೀ ಅಂದಾಜು" ಅಂದೆನಲ್ಲ, ಆ ಮಾತು ಈಗ ನನ್ನನ್ನೇ ಚುಚ್ತಿದೆ. ಮೂವತ್ತು ವರ್ಷ ದಿನಾ ಬೆಳಿಗ್ಗೆ ಡಬ್ಬಿ ಮುಚ್ಚಳಗಳನ್ನ ಮೊಳೆಗೆ ನೇತುಹಾಕಿ, ಯಾವ ಬಣ್ಣ ಆದ್ಮೇಲೆ ಯಾವುದನ್ನ ಯಂತ್ರಕ್ಕೆ ಹಾಕಿ ಅರೀಬೇಕು ಅಂತ ಗೊತ್ತುಮಾಡಿದವನು ನೀನು. ಬಿಳಿ ಆದ್ಮೇಲೆ ಕಪ್ಪಾದ್ರೆ ಯಂತ್ರ ಸ್ವಲ್ಪ ತೊಳೆದ್ರೆ ಸಾಕು; ಕಪ್ಪಾದ್ಮೇಲೆ ಬಿಳಿ ಅಂದ್ರೆ ಅರ್ಧ ದಿನ ಹಾಳು. ಕಂಪ್ಯೂಟರು ಕಣ್ಣು ಮಿಟುಕಿಸೋದ್ರಲ್ಲಿ ಎಲ್ಲಕ್ಕಿಂತ ಒಳ್ಳೇ ಸಾಲು ಹುಡುಕುತ್ತೆ ಅಂತ ನಾನು ಜಂಬ ಕೊಚ್ಚಿದೆ. ತೋರಿಸಿದ್ದು ಐದು ಬಣ್ಣಕ್ಕೆ! ಐದನ್ನ ಜೋಡಿಸೋಕೆ ನೂರಿಪ್ಪತ್ತೇ ಬಗೆ. ನಮಗೆ ದಿನಕ್ಕೆ ಮೂವತ್ತು ಬಣ್ಣ. ಎರಡರ ಮುಂದೆ ಮೂವತ್ತೆರಡು ಸೊನ್ನೆ ಹಾಕಿದರೂ ಸಾಲದಷ್ಟು ಬಗೆ ಅಪ್ಪಾ. ಒಂದೊಂದನ್ನೇ ನೋಡ್ತಾ ಕೂತರೆ ಸೂರ್ಯ ಆರಿಹೋದರೂ ಮುಗಿಯಲ್ಲ. ಎಷ್ಟೇ ಬಣ್ಣ ಕೊಟ್ಟರೂ ಬೇಗ ಹುಡುಕೋ ದಾರಿ ದೊಡ್ಡ ದೊಡ್ಡ ಗಣಿತದವರಿಗೂ ಸಿಕ್ಕಿಲ್ಲ. ಇದನ್ನ ಓದಿದ್ದೆ, ಮರೆತಿದ್ದೆ. ಇಲ್ಲ, ಸುಳ್ಳು, ಮರೆತಿರಲಿಲ್ಲ.

ನೀನು ಹೋದ ಮೊದಲ ದಿನವೇ ನನ್ನ ಪ್ರೋಗ್ರಾಂ ಉತ್ತರ ಕೊಡದೆ ಗುರ್ ಅನ್ಕೊಂಡು ಕೂತೇ ಇತ್ತು. ಗೋದಾಮಿಗೆ ಎಸೆದಿದ್ದ ನಿನ್ನ ಹಲಗೆ ಹುಡುಕಿ ತೆಗೆದೆ. ಮುಚ್ಚಳ ತಿರುಗಿಸಿದ್ರೆ ಒಂದೊಂದರ ಹಿಂದೂ ನಿನ್ನ ಕಾಗೆಕಾಲು ಗುಬ್ಬಿಕಾಲು ಅಕ್ಷರ: "ಹಳದಿ. ಇದಾದ್ಮೇಲೆ ಹಸಿರು ನಡೆಯುತ್ತೆ. ತಿಳಿನೀಲಿ ಮಾತ್ರ ಬೇಡ." ಅದನ್ನ ನೋಡ್ಕೊಂಡೇ ದಿನಾ ಸಾಲು ಮಾಡಿ, ಕಂಪ್ಯೂಟರು ಹೇಳಿದ್ದು ಅಂತ ಕೊಡ್ತಿದೀನಿ. ಮಾಲೀಕರು ಬೆನ್ನು ತಟ್ಟಿದರು. ಯಂತ್ರ ತೊಳೆಯೋ ಅಜ್ಜ ಮಾತ್ರ ಹಾಳೆ ನೋಡಿ, "ನಿಮ್ಮಪ್ಪನ ಸಾಲು ಇದ್ದ ಹಾಗಿದೆಯಲ್ಲಮ್ಮಾ" ಅಂದ. ಭೂಮಿ ಬಾಯಿಬಿಡಬಾರದಾ ಅನ್ನಿಸ್ತು. ನಾಚಿಕೆ ಆಗ್ತಿದೆ ಅಪ್ಪಾ, ಊಟ ಸೇರ್ತಿಲ್ಲ.

ಅತ್ತೆಗೆ ನಾನು ಕೇಳಿದೆ ಅಂತ ಹೇಳು. ಬಯ್ಯೋದಿದ್ರೆ ಬಯ್ದು ಬರಿ, ಸುಮ್ಮನಿರಬೇಡ.

ನಿನ್ನ
ಬಾಯಿಬಡುಕಿ

ಇನ್ನೊಂದು: ಕವರು ಅಂಟಿಸೋ ಮೊದಲು ಮಾಲೀಕರ ರೂಮಿಗೆ ಹೋಗಿ ಎಲ್ಲಾ ಒದರಿಬಂದೆ. ಸೋಮವಾರ ಮತ್ತೆ ಮೀಟಿಂಗು, ಅದೇ ಜನ. ಅವರೆದುರು ತಪ್ಪು ಒಪ್ಕೋತೀನಿ. ಆದ್ರೆ ನೀನು ಎದುರಿಗೆ ಇಲ್ಲದೆ ಹೇಳಿದ್ರೆ ಅದು ಒಪ್ಪಿಕೊಂಡ ಹಾಗಲ್ಲ. ಕರೆಯೋಕೆ ನಂಗೆ ಮುಖ ಇಲ್ಲ. ಆದ್ರೂ ಬಾ ಅಪ್ಪಾ.