ನೇರಳೆ ದಂಟಿನ ಗಿಡ

ಇಸವಿ ೨೧೭೦, ಎರಡನೇ ಮಳೆಗಾಲದ ಆರನೆಯ ಬಿಸಿಲು
ತುಂಗಭದ್ರೆಯ ಎಡದಂಡೆ

ಪ್ರೀತಿಯ ಫಕೀರವ್ವಜ್ಜಿಗೆ,

ಇನ್ನೂ ಹುಟ್ಟದವಳೊಬ್ಬಳು ಬರೆಯುತ್ತಿದ್ದೇನೆ. ನಾನು ನಿಮ್ಮ ಮೊಮ್ಮಗಳ ಮರಿಮೊಮ್ಮಗಳು, ಸಿಂಧೂರಿ. ನನ್ನ ತಾರೀಖೂ ಮಾತೂ ವಿಚಿತ್ರವೆನಿಸಿದರೆ ಮನ್ನಿಸಿ. ಮಳೆ ವರ್ಷಕ್ಕೆ ಎರಡು ಕಂತಿನಲ್ಲಿ ಬರತೊಡಗಿದ ಮೇಲೆ ನಾವು ತಿಂಗಳುಗಳನ್ನು ಬಿಟ್ಟು, ಮಳೆ ಬಿಡುವು ಕೊಟ್ಟ ದಿನಗಳನ್ನು ಎಣಿಸುತ್ತೇವೆ. ಮಧ್ಯಾಹ್ನದ ಗಂಟೆ ಬಾರಿಸಿತೆಂದರೆ ಸುಡುಬಿಸಿಲಿಗೆ ಯಾರೂ ಹೊರಗಿರುವಂತಿಲ್ಲ; ಊರಿಗೆ ಊರೇ ಕದ ಮುಚ್ಚಿ ಮಲಗುತ್ತದೆ. ಆ ಹೊತ್ತಿನಲ್ಲೇ ಈ ಕಾಗದ.

ನೀವು ರಾಣೆಬೆನ್ನೂರಿನ ಕಡೆ ಟೊಮೆಟೊ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದಿರಿ ಎಂದು ಮನೆಯಲ್ಲಿ ಇಂದಿಗೂ ಹೇಳುತ್ತಾರೆ. ಅರಳುವ ಮುನ್ನವೇ ಮೊಗ್ಗು ಬಿಡಿಸಿ, ಚಿಮಟದಿಂದ ಗಂಡುಭಾಗ ಕಿತ್ತು, ಮರುದಿನ ಬೇರೆ ತಳಿಯ ಪರಾಗ ಮುಟ್ಟಿಸಬೇಕು. ಒಂದು ಹೂವು ಕಣ್ಣು ತಪ್ಪಿದರೂ ತನ್ನ ಪರಾಗಕ್ಕೆ ತಾನೇ ಕಾಯಿ ಕಟ್ಟಿ ಬೀಜ ಬೆರಕೆಯಾಗುತ್ತದೆ. ನಮಗೆ ಆ ಚಿಮಟದ ಕೆಲಸವಿಲ್ಲ, ಅಜ್ಜಿ. ನಮ್ಮಲ್ಲಿ ‘ಗಂಡುಗೊಡ್ಡಿ’ ಇದೆ, ಅಂದರೆ ಹೂವಿನಲ್ಲಿ ಪರಾಗವೇ ಹುಟ್ಟದ ಟೊಮೆಟೊ ಗಿಡ. ನಾವು ಮುಟ್ಟಿಸಿದ ಪರಾಗದಿಂದಲೇ ಅದು ಕಾಯಿ ಕಟ್ಟಬೇಕು, ಹಾಗಾಗಿ ಬೀಜ ಶುದ್ಧ. ಆದರೆ ಗೊಡ್ಡಿಯ ವಂಶ ಮುಂದುವರಿಯಬೇಕಾದರೆ ಪರಾಗವುಳ್ಳ ಒಡಹುಟ್ಟೊಂದು ಬೇಕು. ಆ ಒಡಹುಟ್ಟಿನ ಪರಾಗಕ್ಕೆ ಗೊಡ್ಡಿ ಕಟ್ಟಿದ ಒಂದೇ ಹಣ್ಣಿನ ಬೀಜ ಬಿತ್ತಿದರೆ ಸುಮಾರು ಅರ್ಧ ಸಸಿಗಳ ದಂಟು ಹಸಿರು, ಅವು ಗೊಡ್ಡಿಗಳು. ಉಳಿದವು ನೇರಳೆ, ಅವು ಪರಾಗದವು. ನೇರಳೆಯವನ್ನು ಸಾಲಿನಿಂದ ಕಿತ್ತು, ಕೆಲವನ್ನು ದೂರದ ಮಡಿಯಲ್ಲಿ ಉಳಿಸಿಕೊಳ್ಳುತ್ತೇವೆ.

ನಮ್ಮೂರಿನ ಬೀಜದ ಹೊಣೆ ನನ್ನ ತಮ್ಮನ ಹೆಂಡತಿ ಸಾವಂತ್ರಿಯದು. ಹೋದ ವರ್ಷ ಕೆಲವು ನೇರಳೆ ಗಿಡಗಳು ಸಾಲಿನಲ್ಲೇ ಉಳಿದುಬಿಟ್ಟವು. ರೋಗ ತಡೆಯುವ ಶಕ್ತಿಯಿಲ್ಲದ ಆ ಬೆರಕೆ ಬೀಜ ಬಿತ್ತಿದ ಹೊಳೆಯಾಚೆಯವರ ತೋಟವೆಲ್ಲ ಎಲೆಮುರುಟು ರೋಗಕ್ಕೆ ಸುಟ್ಟ ಹಪ್ಪಳದಂತಾಯಿತು. ಅಲ್ಲಿನ ಹೆಂಗಸೊಬ್ಬಳು ಮುರುಟಿದ ಗಿಡವನ್ನು ಸಾವಂತ್ರಿಯ ಮುಂದಿಟ್ಟು, “ನಿಮ್ಮ ಬೀಜ ನಂಬಿದ್ವಿ, ಯವ್ವಾ” ಎಂದಷ್ಟೇ ಹೇಳಿ ಹೋದಳು. ಸಾವಂತ್ರಿ ಅಂದು ಊಟ ಮಾಡಲಿಲ್ಲ. ಈ ವರ್ಷ ಸಸಿಮಡಿಗೆ ಇಳಿದವಳೇ ನೇರಳೆ ದಂಟು ಕಂಡಲ್ಲೆಲ್ಲ ಕಿತ್ತೆಸೆದಳು. ದೂರದ ಮಡಿಯನ್ನೂ ಬಿಡಲಿಲ್ಲ.

ಗೊಡ್ಡಿಗಳು ಹೂ ಬಿಟ್ಟಾಗಲೇ ನಮಗೆ ಎಚ್ಚರವಾದದ್ದು. ಬೇರೆ ತಳಿಯ ಪರಾಗ ಮುಟ್ಟಿಸಿದರೆ ಈ ವರ್ಷಕ್ಕೇನೋ ಹೈಬ್ರಿಡ್ ಬೀಜ ಸಿಗುತ್ತಿತ್ತು, ಮುಂದಿನ ವರ್ಷಕ್ಕೆ ತಾಯಿಗಿಡ ಎಲ್ಲಿಂದ ತರುವುದು? ನಾವು ‘ತಂಪುಗುಮ್ಮಿ’ ಎನ್ನುವ ನೆಲದೊಳಗಿನ ಕೋಣೆಯಲ್ಲಿಟ್ಟಿದ್ದ ಹಳೆಯ ಬೀಜ ಬೇಸಗೆಯ ಕಾವಿಗೆ ಸತ್ತಿತ್ತು. ಗೊಡ್ಡಿಗಳದೇ ಕಡ್ಡಿ ಕಡಿದು ನೆಟ್ಟೆವು, ಎಲ್ಲವೂ ಕೊಳೆತವು. ಸಾವಂತ್ರಿ ಹೂಬಿಟ್ಟ ಸಾಲಿನ ನಡುವೆ ಕುಸಿದು ಕೂತಳು. “ಅಕ್ಕಾ, ಶುದ್ಧ ಮಾಡಾಕ ಹೋಗಿ ವಂಶಾನ ಕಿತ್ತೊಗದ್ನಿ” ಎಂದಳು.

ಊಟಕ್ಕೆ ಕರೆಯಲು ಬಂದ ನಮ್ಮವ್ವ ಗೌರವ್ವ ಏನನ್ನೂ ಕೇಳದೆ ಸೊಸೆಯ ಪಕ್ಕ ಕೂತಳು. ಬೆನ್ನು ಸವರಿದಳು. ಬಹಳ ಹೊತ್ತಾದ ಮೇಲೆ, “ಯಾವುದು ಬೇಕಾಗಿತ್ತವ್ವಾ ನಿನಗ?” ಎಂದಳು.

“ನೇರಳೆ ದಂಟಿಂದು, ಅತ್ತಿ. ಒಂದೂ ಉಳಿದಿಲ್ಲ.”

“ನೀ ಅವತ್ತ ಒಗದಿದ್ದೆಯಲ್ಲಾ, ಅದರಾಗಿಂದು ಒಂದು ಬಚ್ಚಲ ಹಿಂದ ಊರೀನಿ. ಚಟ್ನಿಗೆ ಬರ್ತೈತಿ ಅಂತ.”

ಗಂಟೆ ಬಾರಿಸಿದ್ದನ್ನೂ ಲೆಕ್ಕಿಸದೆ ಓಡಿದೆವು. ಬಚ್ಚಲ ನೀರು ಕುಡಿದು ಸೊಕ್ಕಿ ಬೆಳೆದಿತ್ತು ಗಿಡ. ನೇರಳೆ ದಂಟು, ಮೈತುಂಬ ಹಳದಿ ಹೂ. ಸಾವಂತ್ರಿ ಅಳುತ್ತಲೇ ನಗತೊಡಗಿದಳು. ಹಿಂದಿನಿಂದ ಏದುಸಿರು ಬಿಡುತ್ತ ಬಂದ ಅವ್ವ, “ಕಿತ್ತೀರಿ ಅಂದ್ರ ನೋಡ್ರಿ ಮತ್ತ, ಅದು ನನ್ನ ಗಿಡ!” ಎಂದು ಅಡ್ಡ ನಿಂತಳು.

ಬಟ್ಟಲಿಗೆ ಪರಾಗ ಉದುರಿಸಿಕೊಂಡು ಬಂದೆವು. ಗೊಡ್ಡಿಯ ಮೊದಲ ಹೂವಿಗೆ ಅವ್ವನೇ ಮುಟ್ಟಿಸಬೇಕೆಂದು ಸಾವಂತ್ರಿಯ ಹಟ. ಅವ್ವ ಬಟ್ಟಲಿಗೆ ಬೆರಳದ್ದಿದಳು. ಸಾವಂತ್ರಿ ಅವಳ ಮುಂಗೈ ಹಿಡಿದುಕೊಂಡಳು; ಹಾಗೆಯೇ ಇಬ್ಬರೂ ಸಾಲು ಮುಗಿಸಿದರು.

ಕಾಯಿ ಕಟ್ಟಿ, ಹಣ್ಣಾಗಿ, ಆ ಬೀಜದ ಸಸಿಗಳು ಇಂದು ಎದ್ದಿವೆ, ಹಸಿರೂ ನೇರಳೆಯೂ ಕಲೆತು. ತಳಿಗೆ ಅತ್ತೆಯ ಹೆಸರಿಡೋಣ ಎಂದಳು ಸಾವಂತ್ರಿ. “ಮೂರು ಹಡದಾಕಿ ನಾ. ಗೊಡ್ಡಿಗೆ ನನ್ನ ಹೆಸರಿಡ್ತೀಯೇನ?” ಎಂದು ಅವ್ವ ಸಿಡುಕಿದಳು. ಕೊನೆಗೆ ನೇರಳೆ ಗಿಡಕ್ಕೆ ಆ ಹೆಸರು ಬಂತು. ಈಗ ಅವ್ವ ದಿನಕ್ಕೆರಡು ಸಲ ಹೋಗಿ ಅದನ್ನು ನೋಡಿ ಬರುತ್ತಾಳೆ.

ಅಜ್ಜಿ, ಒಂದು ಕೋರಿಕೆ. ನಿಮ್ಮ ಜೊತೆ ಕೆಲಸ ಮಾಡುವವರಲ್ಲಿ ಯಾರಾದರೂ ತಪ್ಪು ಮಾಡಿ ಅಳುತ್ತಿದ್ದರೆ, ಕಾರಣ ಕೇಳುವ ಮೊದಲು ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತುಕೊಳ್ಳಿ. ನಮ್ಮವ್ವನಿಗೆ ಆ ಗುಣ ಯಾರಿಂದಲೋ ಬಂದಿರಬೇಕು. ನಿಮ್ಮಿಂದಲೇ ಬಂದಿರಲಿ ಎಂದು ನನ್ನ ಆಸೆ.

ನಿಮ್ಮ ಕೂಸು,
ಸಿಂಧೂರಿ