ಇವತ್ತು ಆಟ ಎಲ್ಲಿ?

ಜನವರಿ 20, ಸೋಮವಾರ

ಲ್ಯಾಬಿನಲ್ಲಿ ಮತ್ತೆ ಕರೆಂಟ್ ಇಲ್ಲ. ಮೂವರೂ ನನ್ನ ಲ್ಯಾಪ್‌ಟಾಪ್ ಮುಂದೆ — ರತನ್, ರಮ್ಯಶ್ರೀ, ನಾನು. ಬಿಸಿಎ ಕೊನೆಯ ವರ್ಷದ ಪ್ರಾಜೆಕ್ಟ್ ಟೀಮ್.

ರಜೆಯಲ್ಲಿ ನನ್ನಷ್ಟಕ್ಕೆ ಮಾಡಿಕೊಂಡಿದ್ದ ಆ್ಯಪ್ ಟೀಮ್ ಪ್ರಾಜೆಕ್ಟ್ ಆಗಬಹುದು ಎಂದರು ನಮ್ಮ ಗೈಡ್ ವಿನಯಾ ಮೇಡಂ. ತೆರೆದರೆ ಒಂದೇ ವಿಷಯ — ಇವತ್ತು ಯಾವ ಮೇಳದ ಯಕ್ಷಗಾನ (ನಮ್ಮ ಕಡೆ ಬರೀ ‘ಆಟ’), ಯಾವ ಊರಲ್ಲಿ. ಷರತ್ತು: ಫೆಬ್ರವರಿ ಒಂದರ ರಿವ್ಯೂ ಹೊತ್ತಿಗೆ ಹೊರಗಿನ ಜನ ಬಳಸುತ್ತಿರಬೇಕು. ಇಲ್ಲದಿದ್ದರೆ ಎಲ್ಲರ ಹಾಗೆ ನಾವೂ ಲೈಬ್ರರಿ ಮ್ಯಾನೇಜ್‌ಮೆಂಟ್ ಪ್ರಾಜೆಕ್ಟ್.

ಲೈಬ್ರರಿ ಬೇಡ... ಬೇಡವೇ ಬೇಡ.

ಜನವರಿ 23

ಮೇಳದವರು ವಾರದ ಊರುಗಳನ್ನು ವಾಟ್ಸಾಪ್ ಮಾಡುತ್ತಾರೆ. ರಮ್ಯಶ್ರೀ ಟೈಪ್ ಮಾಡುತ್ತಾಳೆ. ರತನ್ ಮ್ಯಾಪ್ ಸೇರಿಸಿದ. ಇಡೀ ಮಧ್ಯಾಹ್ನ ಟೆಸ್ಟ್. ಎಲ್ಲ ಸರಿ.

ಸಾಲಿಗ್ರಾಮದ ಸೂರ ಮಾವನಿಗೆ ಲಿಂಕ್ ಕಳಿಸಿದೆ. ಅಮ್ಮನ ತಮ್ಮ, ಆಟದ ಹುಚ್ಚು. ಅವರು ಅದನ್ನು ಆಟದ ಗೆಳೆಯರ ಗ್ರೂಪಿಗೆ ಹಾಕಿದರು. ಸಂಜೆಯೊಳಗೆ ಅರವತ್ತು ಜನ! ರತನ್ ಗೋಳಿಬಜೆ ಕೊಡಿಸಿದ.

ಜನವರಿ 26, ಬೆಳಿಗ್ಗೆ

ಫೋನ್. ಸೂರ ಮಾವ.

"ಹ್ವಾಯ್ ಪ್ರಣೀತಾ, ನಿನ್ ಆ್ಯಪ್ ನಂಬ್ಕಂಡ್ ಬೈಂದೂರಿಗ್ ಹೋದ್ರೆ, ಅಲ್ಲ್ ಎರಡ್ ನಾಯಿ ಬಿಟ್ರೆ ಯಾರೂ ಇಲ್ಲೆ!"

"ನಿನ್ನೆ ಆಟ ಬ್ರಹ್ಮಾವರ ಅಲ್ದಾ ಮಾವ?"

"ನಾನ್ ಹೇಳುದೂ ಅದೇ ಅಲ್ದಾ! ಮನಿ ಹತ್ರದ್ ಆಟ ಬಿಟ್ಕಂಡ್ ಬೈಂದೂರ್ ತಂಕ! ಒಟ್ಟಿಗ್ ಬಂದ ಭೋಜ ನನ್ನತ್ರ ಮಾತೇ ಆಡ್ತಿಲ್ಲೆ."

ಯಾವ ಹೊತ್ತಿಗೆ ನೋಡಿದ್ದು ಎಂದೆ. ಉಂಡು, ಒಂದು ನಿದ್ದೆ ತೆಗೆದು, ಹನ್ನೆರಡೂವರೆಗೆ. ದೊಡ್ಡ ವೇಷ ಬರುವ ಹೊತ್ತಿಗೆ ಹೋಗುವುದು ಅವರ ರೂಢಿ.

ಗೊತ್ತಾಯಿತು. ಹನ್ನೆರಡಕ್ಕೆ ತಾರೀಕು ಬದಲಾಗಿದೆ. ಶನಿವಾರದ ಆಟ ಬ್ರಹ್ಮಾವರದಲ್ಲಿ ಬೆಳಗಿನ ತನಕ ನಡೆಯುತ್ತಲೇ ಇತ್ತು. ಆ್ಯಪ್ ಭಾನುವಾರದ ಊರು ತೋರಿಸಿದೆ. ಅಮ್ಮನ ಮಡಿಲಲ್ಲಿ ಮಲಗಿ ಆಟ ನೋಡಿದವರು ನಾವು. ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಟೆಸ್ಟ್ ಮಾಡಿದ್ದೆಲ್ಲ ಹಗಲು!

ಸುದ್ದಿ ಗ್ರೂಪಿನಲ್ಲಿ ಹಬ್ಬಿ, ಮಧ್ಯಾಹ್ನದೊಳಗೆ ಆ್ಯಪ್‌ನಲ್ಲಿ ಉಳಿದವರು ಹನ್ನೊಂದು ಜನ.

ಜನವರಿ 27

ರತನ್ ಕೈಚೆಲ್ಲಿದ. "ರೆಡಿಮೇಡ್ ಸಿಕ್ಕತ್ತ್. ಲೈಬ್ರರಿಯೇ ತಕಂಬ."

ರಮ್ಯಶ್ರೀ: "ನಮ್ಮ್ ಕಾಲೇಜ್ ಲೈಬ್ರರಿ ಎಲ್ಲಿತ್ತ್ ಅಂದೇಳಿ ಗೊತ್ತಿತ್ತಾ ನಿಂಗೆ?"

ಅವನೂ ನಕ್ಕ. ಕೂತೆವು. ಇನ್ನು ನಮ್ಮ ಆ್ಯಪ್‌ನಲ್ಲಿ ದಿನ ಬದಲಾಗುವುದು ಬೆಳಿಗ್ಗೆ ಆರಕ್ಕೆ. ಬರೆದದ್ದು ನಾಲ್ಕೇ ಸಾಲು ಕೋಡ್. ಮಾವನಿಗೆ ಫೋನ್ ಮಾಡಿ ತಪ್ಪು ನಮ್ಮದೇ, ಸರಿ ಮಾಡಿದ್ದೇವೆ ಎಂದೆ.

"ಕಾಂಬ, ರಾತ್ರಿ ನೋಡ್ತೆ" ಎಂದರು. ಅಷ್ಟೇ.

ಜನವರಿ 31

ಮಾವ ದಿನಾ ರಾತ್ರಿ ಆಟಕ್ಕೆ ಹೋಗುತ್ತಿದ್ದಾರಂತೆ — ಆ್ಯಪ್ ಪರೀಕ್ಷಿಸಲು! ಅತ್ತೆ ಬೈದರೆ, "ಹೆಣ್ಣಿನ ಓದಿನ ವಿಷಯ ಮಾರಾಯ್ತಿ, ಬಿಡುಕಾತ್ತಾ?" ಎನ್ನುತ್ತಾರಂತೆ. ಇವತ್ತು ಗ್ರೂಪಿನಲ್ಲಿ ಅವರ ಆಡಿಯೋ: "ಈಗ ಸಮ ಇತ್ತ್. ಎಲ್ರೂ ಹಾಕಣಿ."

ಹೊರಗಿನವರು ನೂರು ದಾಟಿದರು. ನೋಡಿದ್ದನ್ನೇ ಮತ್ತೆ ಮತ್ತೆ ನೋಡಿದೆ.

ಫೆಬ್ರವರಿ 1, ಮಧ್ಯಾಹ್ನ

ರಿವ್ಯೂ. ಮೇಡಂ ಮೊದಲ ಪ್ರಶ್ನೆ: "ರಾತ್ರಿ ಹನ್ನೆರಡಾದ ಮೇಲೆ ತೆರೆದರೆ ಯಾವ ಊರು ತೋರಿಸುತ್ತೆ?"

ಮೂವರಿಗೂ ನಗು ತಡೆಯಲಿಲ್ಲ. ಮೇಡಂಗೆ ಅರ್ಥವಾಗಲಿಲ್ಲ. ರತನ್ ಎದ್ದು ನಿಂತು ಇಡೀ ಬೈಂದೂರು ಪ್ರಕರಣ ಹೇಳಿದ, ಮಾವನದೇ ದನಿಯಲ್ಲಿ. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಲೈಬ್ರರಿ ಬೇಡ. ಇದನ್ನೇ ಮುಂದುವರಿಸಿ." ಸಹಿ ಆಯಿತು.

ಸಂಜೆ

ಟೀಮ್ ಪೂರ್ತಿ ಆಟಕ್ಕೆ. ಅಮ್ಮ ಶಾಲು ತೆಗೆದಿಟ್ಟಿದ್ದಾಳೆ. ಮುಂದೆ ಸೇರಿಸಬೇಕಾದ್ದು — ಪ್ರಸಂಗದ ಹೆಸರು, ನೋಟಿಫಿಕೇಶನ್‌ಗೆ ಚಂಡೆ ಸದ್ದು, ಮತ್ತೆ ಪಾತ್ರಧಾರಿಗಳ... ಗೇಟಿನಲ್ಲಿ ರಮ್ಯಶ್ರೀ ಕೂಗುತ್ತಿದ್ದಾಳೆ. "ಹೆಣೇ, ಬಸ್ ಬಂತ್! ಎಂತ ಬರೀತೆ ಅಲ್ಲ್ ಕೂಕಂಡ್?"

ಬಂದೆ, ಬಂದೆ, ಇದೊಂದು ಸಾಲು ಮುಗಿ—