ನನ್ನ ಪಾಲಿನ ದುಃಖ

ಅಥಣಿ
೨೯ ಅಕ್ಟೋಬರ್ ೧೯೮೮

ಅಪ್ಪಾ,

ನಿಮಗೂ ಅವ್ವನಿಗೂ ನಮಸ್ಕಾರ. ನಿಮ್ಮ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕೂತಿದ್ದೆ, ತಪ್ಪಾಯಿತು. ನಾಲ್ಕು ಸಲ ಶುರು ಮಾಡಿ ಹರಿದು ಹಾಕಿದೆ. ಸಿಟ್ಟು ಬಂದರೆ ನನಗೆ ಇಂಗ್ಲಿಷೇ ಮೊದಲು ಬರುತ್ತದೆ, ಅದು ನಿಮಗೆ ತಿಳಿಯುವುದಿಲ್ಲ. ಐದನೇ ಇಯತ್ತೆಯಿಂದ ಇಂಗ್ಲಿಷ್ ಶಾಲೆಯ ಹಾಸ್ಟೆಲಿಗೆ ಹಾಕಿದವರು ನೀವೇ.

ಆಯಿ ತೀರಿಕೊಂಡದ್ದು ಮೊಮ್ಮಗಳಾದ ನನಗೂ ಕೊನೆಗೆ ಗೊತ್ತಾಗಿದೆ. ಹೋದ ರವಿವಾರ ನಮ್ಮೂರು ಭೋಜದ ಬಳೆಗಾರ ಹುಸೇನಮಿಯಾ ಕಾಕಾ ಹಾಸ್ಟೆಲ್ ಗೇಟಿಗೆ ಬಂದಿದ್ದರು. ದೀಪಾವಳಿ ಹತ್ತಿರ ಬಂತೆಂದು ಹುಡುಗಿಯರೆಲ್ಲ ಮುತ್ತಿದ್ದರು. ನಾನೂ ಕೈ ಚಾಚಿದೆ. ಕಾಕಾ ಹಿಡಿದ ಕೈಯನ್ನು ಬಿಟ್ಟುಬಿಟ್ಟರು.

“ಇಷ್ಟ ಲಗೂ ಬಳಿ ಇಟ್ಕೋತಿಯೇನವಾ? ರುಕ್ಮವ್ವಾಯಿ ಹೋಗಿ ಇನ್ನ ತಿಂಗಳಾ ತುಂಬಿಲ್ಲ. ಮಣ್ಣ ಮಾಡುವಾಗರ ಬರಬೇಕಿತ್ತ ನೀ. ಮೊಮ್ಮಗಳು ಕಲತು ದೊಡ್ಡಾಕಿ ಆಗ್ಯಾಳ ಅಂತ ಮಂದಿ ಆಡ್ಕೊಳಾಕತ್ತೈತಿ.”

ಹತ್ತು ಹುಡುಗಿಯರ ಮುಂದೆ, ಅಪ್ಪಾ. ನಾನು “ಯಾವಾಗ?” ಎಂದಾಗ ಕಾಕಾನ ಮುಖವೇ ಇಳಿದುಹೋಯಿತು. ಒಂದೂ ಬಳೆ ಮಾರದೆ ಗಂಟು ಕಟ್ಟಿಕೊಂಡು ಹೊರಟರು.

ಬುಧವಾರ ಅಣ್ಣ ಲಗಮಣ್ಣ ಬಂದಾಗ ಜಗಳವಾಡಿದೆ.

“ಅಪ್ಪಾ ಯಾರಿಗೂ ಬಾಯಿ ಬಿಡಗೊಡಲಿಲ್ಲ,” ಎಂದ. “ಮರದಿನಾನ ನಿನ್ನ ಪೇಪರ್ ಇತ್ತಲ್ಲ. ಅಳಕೋತ ಏನ ಬರೀತಿದ್ದಿ?”

“ಪರೀಕ್ಷಾ ಮುಗದ ವಾರ ಆತಲ್ಲೋ.”

“ಆಮ್ಯಾಲ ಹ್ಯಾಂಗ ಹೇಳೂದಂತ ತಿಳೀಲಿಲ್ಲ ಬೇ.”

ಮರುದಿನದ ಆ ಪೇಪರ್ ಫಿಲಾಸಫಿಯದು. ಪ್ರಶ್ನೆ ಸ್ಟೊಯಿಕರೆಂಬ ಹಳೆಯ ಗ್ರೀಕ್ ತತ್ವಜ್ಞಾನಿಗಳ ಮೇಲೆ. ಒಬ್ಬ ವ್ಯಾಪಾರಿಯ ಹಡಗು ಮುಳುಗಿ, ಬೆಲೆಬಾಳುವ ಬಣ್ಣದ ಸರಕೆಲ್ಲ ಹೋಯಿತಂತೆ. ಬರಿಗೈಯಲ್ಲಿ ಅಥೆನ್ಸಿಗೆ ಬಂದು, ಪುಸ್ತಕದಂಗಡಿಯಲ್ಲಿ ಕೂತು ಓದಿ, ಮುಂದೆ ಊರಿನ ಚಿತ್ರದ ಪಡಸಾಲೆಯೊಂದರಲ್ಲಿ ಪಾಠ ಹೇಳತೊಡಗಿದ. ಗ್ರೀಕಿನಲ್ಲಿ ಪಡಸಾಲೆಗೆ ಸ್ಟೊಆ ಅನ್ನುತ್ತಾರೆ, ಅದರಿಂದಲೇ ಅವರಿಗೆ ಆ ಹೆಸರು. ನಮ್ಮ ಮನಸ್ಸಷ್ಟೇ ನಮ್ಮ ಕೈಯಲ್ಲಿರುವುದು, ಉಳಿದದ್ದಕ್ಕೆ ಗೋಳಾಡಬೇಡ ಎಂಬ ಈ ಮಾತನ್ನು ಮುಂದೆ ಒಬ್ಬ ಕುಂಟ ಗುಲಾಮನೂ ಹಿಡಿದ, ಒಬ್ಬ ಚಕ್ರವರ್ತಿಯೂ ಹಿಡಿದ. ಯಾರಿಗೇ ಆಗಲಿ, ಏನೂ ಕೈಲಾಗದ ದಿನವೊಂದು ಬಂದೇ ಬರುತ್ತದೆ, ಅದಕ್ಕೇ ಇದು ಎರಡು ಸಾವಿರ ವರ್ಷ ಉಳಿದಿದೆ ಎಂದು ಬರೆದೆ. ನಿನ್ನೆ ಸರ್ ನನ್ನ ಉತ್ತರವನ್ನು ಕ್ಲಾಸಿನಲ್ಲಿ ಓದಿ ಹೊಗಳಿದರು. ಅದನ್ನು ಬರೆಯುವಾಗ ನೀವು ಆಯಿಯನ್ನು ಮಣ್ಣು ಮಾಡಿ ಒಂದು ರಾತ್ರಿ ಕಳೆದಿತ್ತು.

ನೀವೂ ಓದದೇ ಆದ ಸ್ಟೊಯಿಕರೇ. ಕಬ್ಬಿಗೆ ಬೆಂಕಿ ಬಿದ್ದಾಗಲೂ “ಆತು ಬಿಡು” ಎಂದು ಚಹಾ ಕುಡಿದವರು. ನಿಮ್ಮ ದುಃಖ ನೀವು ನುಂಗಿರಿ, ನನ್ನದೇನೂ ತಕರಾರಿಲ್ಲ. ಆದರೆ ಆ ಗುಲಾಮ ನುಂಗಿದ್ದು ತನ್ನದನ್ನು. ನೀವು ನನ್ನ ಪಾಲಿನದನ್ನೂ ನುಂಗಿ, ಮಗಳು ಗಟ್ಟಿಯಾಗಿ ಉಳಿದಳು ಅಂದುಕೊಂಡಿರಿ. ನಾನು ಗಟ್ಟಿಯಿಲ್ಲ. ಪ್ರತಿ ಪೇಪರಿಗೂ ಹೆದರುವ ಹುಡುಗಿ ನಾನು.

ದೀಪಾವಳಿಗೆ ಬರಲೋ ಬೇಡವೋ ತಿಳಿಯದು. ಬಂದರೆ ಆಯಿ ಇಲ್ಲದ ಮನೆ, ಬರದಿದ್ದರೆ ಮಂದಿ ಆಡಿದ್ದೇ ಖರೆ. ನಿಮ್ಮ ಉತ್ತರ ನೋಡಿ ಬಸ್ಸು ಹತ್ತುತ್ತೇನೆ, ಇಲ್ಲವೇ ಇಲ್ಲೇ ಇರುತ್ತೇನೆ.

ಅವ್ವನ ಮೊಣಕಾಲು ಹೇಗಿದೆ? ಸಿಟ್ಟಿದ್ದರೂ ನಿಮ್ಮ ಆಶೀರ್ವಾದ ಬೇಕೇ ಬೇಕು.

ನಿಮ್ಮ ಮಗಳು
ಕುಸುಮ

ತಾ.ಕ.: ಹದಿನೈದನೇ ತಾರೀಖಿನ ಪತ್ರದಲ್ಲಿ, “ಆಯಿ ನಿನ್ನನ್ನು ಬಹಳ ನೆನೆಸುತ್ತಾಳೆ, ಹೊಟ್ಟೆ ತುಂಬ ಉಣ್ಣು ಅಂದಿದ್ದಾಳೆ” ಎಂದು ಬರೆದಿದ್ದಿರಿ. ಆಕೆ ಹೋಗಿ ಆಗಲೇ ನಾಲ್ಕು ದಿನ. ಆ ಮಾತನ್ನು ನೀವೇ ಕಟ್ಟಿದಿರೋ, ಹೋಗುವ ಮುಂಚೆ ಆಕೆ ನಿಜವಾಗಿ ನನ್ನ ಹೆಸರು ತೆಗೆದಿದ್ದಳೋ? ಒಂದು ಕಾರ್ಡಿನಲ್ಲಿ ಬರೆಯಿರಿ. ತೆಗೆದಿರದಿದ್ದರೂ ಬರೆಯಿರಿ.